ಬೀಗದ ಗುರುತಿದ್ದರೆ ಲಿಂಕ್ ಸುರಕ್ಷಿತವೇ?

“ಉಚಿತ ಲ್ಯಾಪ್‌ಟಾಪ್, ಇಂದೇ ಕೊನೆಯ ದಿನ” ಎಂಬ ಫಾರ್ವರ್ಡ್ ಬಂದಿದೆ. ಲಿಂಕ್‌ನಲ್ಲಿ ‘ಗವ್.ಇನ್’ ಎಂದೂ ಇದೆ, ಒತ್ತಿದರೆ ಬೀಗದ ಗುರುತೂ ಕಾಣುತ್ತದೆ. ಹಾಗಾದರೆ ಇದು ಸರ್ಕಾರದ್ದೇ? ಅಷ್ಟರಿಂದಲೇ ಹೇಳಲಾಗದು.

ಬೀಗದ ಅರ್ಥವೇನು?
ನಿಮ್ಮ ಫೋನ್ ಮತ್ತು ಆ ಜಾಲತಾಣದ ನಡುವಿನ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾಗದು ಎಂದಷ್ಟೇ. ಜಾಲತಾಣ ವಂಚಕರದ್ದೇ ಆಗಿದ್ದರೆ? ಅವರಿಗೂ ಆ ಬೀಗ ಉಚಿತವಾಗಿ ಸಿಗುತ್ತದೆ. ಈ ಗೊಂದಲದಿಂದಾಗಿಯೇ ಗೂಗಲ್ 2023ರಲ್ಲಿ ಕ್ರೋಮ್‌ನ ಬೀಗದ ಗುರುತನ್ನು ಬದಲಿಸಿತು.

ಅಸಲಿ ವಿಳಾಸ ಯಾವುದು?
ಆರಂಭದ ‘ಎಚ್‌ಟಿಟಿಪಿಎಸ್://’ ಬಿಟ್ಟುಬಿಡಿ. ನಂತರ ಸಿಗುವ ಮೊದಲ ಓರೆಗೆರೆ (/) ತನಕ ಇರುವುದೇ ವಿಳಾಸ. ಅದರ ಕೊನೆಯನ್ನು ನೋಡಿ. ‘ಕರ್ನಾಟಕ.ಗವ್.ಇನ್/’ ಎಂದಿದ್ದರೆ ಸರ್ಕಾರದ್ದು. ‘ಕರ್ನಾಟಕ.ಗವ್.ಇನ್.ಲ್ಯಾಪ್‌ಟಾಪ್-ಯೋಜನೆ.ಕಾಮ್/’ ಎಂದಿದ್ದರೆ, ಅದು ‘ಲ್ಯಾಪ್‌ಟಾಪ್-ಯೋಜನೆ.ಕಾಮ್’ ಹೆಸರನ್ನು ಕೊಂಡವರದ್ದು. ಅದರ ಹಿಂದೆ ಅವರು ಏನು ಬೇಕಾದರೂ ಸೇರಿಸಿಕೊಳ್ಳಬಹುದು.

ಹ್ಯಾಕರ್ ನ್ಯೂಸ್‌ನಂಥ ಸುದ್ದಿ ಹಂಚುವ ತಾಣಗಳು ಪ್ರತಿ ಶೀರ್ಷಿಕೆಯ ಪಕ್ಕದಲ್ಲೇ ಮೂಲ ತಾಣದ ಹೆಸರು ತೋರಿಸುವುದು ಇದಕ್ಕೇ: ಒತ್ತುವ ಮೊದಲೇ ಎಲ್ಲಿಗೆ ಹೋಗುತ್ತೀರಿ ಎಂದು ಗೊತ್ತಾಗಲಿ ಎಂದು. ವಾಟ್ಸಾಪ್‌ನಲ್ಲಿ ಲಿಂಕ್ ಜೊತೆ ಕಾಣುವ ಚಿತ್ರ, ಶೀರ್ಷಿಕೆಗಳನ್ನು ನಂಬಬೇಡಿ. ಅವನ್ನು ಇಟ್ಟವರು ಆ ತಾಣದವರೇ. ‘ಬಿಟ್.ಲಿ’ಯಂಥ ಕಿರು ಲಿಂಕ್‌ಗಳಲ್ಲಂತೂ ನಿಜವಾದ ವಿಳಾಸ ಕಾಣುವುದೇ ಇಲ್ಲ.

ಏನು ಮಾಡಬೇಕು?
ಅನುಮಾನವಿದ್ದರೆ ಲಿಂಕ್ ಒತ್ತಬೇಡಿ, ಮುಂದೆ ಕಳಿಸಲೂ ಬೇಡಿ. ಇಲಾಖೆಯ ವಿಳಾಸವನ್ನು ನೀವೇ ಟೈಪ್ ಮಾಡಿ ನೋಡಿ. ಒಟಿಪಿ ಕೊಟ್ಟು ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.