ಇದ್ದೂ ಸಿಗದ ಕಡತ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಮೋಯಾರಿನ ಕಡೆಯ ಹಿರಿಯರೊಬ್ಬರು ಗೂಡಲೂರಿನ ನನ್ನ ಕಚೇರಿಗೆ ಬಂದರು. ಜೊತೆಯಲ್ಲಿ ಮೊಮ್ಮಗಳು; ಗುಂಡ್ಲುಪೇಟೆಯ ಹಾಸ್ಟೆಲಿನಲ್ಲಿದ್ದುಕೊಂಡು ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುವ ಹುಡುಗಿ. ಹಿರಿಯರು ಕೈಚೀಲದಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಕಾಗದದ ಮುದ್ದೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ಅವರ ತಂದೆಯವರ ಹೆಸರಿನ ಕ್ರಯಪತ್ರ. ಹಂಚು ಸೋರಿ ಪೆಟ್ಟಿಗೆಯೊಳಗೆ ನೀರು ನಿಂತು, ಶಾಯಿ ಹರಡಿ, ಒಂದು ಪುಟ ಮತ್ತೊಂದಕ್ಕೆ ಅಂಟಿ, ಓದಲು ಏನೂ ಉಳಿದಿರಲಿಲ್ಲ.

"ವಕೀಲರೇ, ಐದಾರು ವರ್ಷದ ಹಿಂದೆ ಇದನ್ನು ನಿಮ್ಮಲ್ಲಿಗೆ ತಂದಿದ್ದೆ. ಮಿಷನ್ನಿನಲ್ಲಿಟ್ಟು ಚಿತ್ರ ತೆಗೆದುಕೊಂಡಿದ್ದಿರಿ. ಅದು ಇದೆಯಲ್ಲವೇ?"

"ಇರಲೇಬೇಕು ಯಜಮಾನರೇ" ಎಂದು ಧೈರ್ಯವಾಗಿಯೇ ಹೇಳಿ, ಕಂಪ್ಯೂಟರಿನ ಹುಡುಕು ಪೆಟ್ಟಿಗೆಯಲ್ಲಿ 'ಮೋಯಾರು' ಎಂದು ಬರೆದೆ. ಏನೂ ಇಲ್ಲ. 'ಮಸಿನಗುಡಿ' ಎಂದೆ, ಬೇರೆಯವರ ನಾಲ್ಕು ಕಡತಗಳು ಬಂದವು, ಇವರದಲ್ಲ. 'ನೀಲಗಿರಿ ಕ್ರಯಪತ್ರ' ಎಂದರೂ ಯಂತ್ರ ಇಲ್ಲವೆಂದೇ ಹೇಳಿತು.

'ಇಲ್ಲ' ಎಂಬುದು ನಮ್ಮ ವೃತ್ತಿಯಲ್ಲಿ ಹಗುರವಾದ ಮಾತಲ್ಲ. ಮೂಲ ದಾಖಲೆ ನಾಶವಾಗಿದ್ದರೆ ಅಥವಾ ಕಳೆದುಹೋಗಿದ್ದರೆ ನಕಲನ್ನು ಪುರಾವೆಯಾಗಿ ಕೊಡಲು ಕಾನೂನು ಅವಕಾಶ ನೀಡುತ್ತದೆ. ಹಿಂದೆ ಸಾಕ್ಷ್ಯ ಅಧಿನಿಯಮದ 65ನೆಯ ಕಲಮಿನಲ್ಲಿದ್ದ ಈ ಮಾತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 60ನೆಯ ಕಲಮಿನಲ್ಲಿದೆ. ಆದರೆ ಕಳೆದುಹೋಯಿತು ಎಂದ ಮಾತ್ರಕ್ಕೆ ನ್ಯಾಯಾಲಯ ಒಪ್ಪುವುದಿಲ್ಲ. ಎಲ್ಲಿ ಹುಡುಕಿದಿರಿ, ಹೇಗೆ ಹುಡುಕಿದಿರಿ ಎಂದು ಕೇಳುತ್ತದೆ. ಕಕ್ಷಿದಾರನಿಗೆ ಕೇಳುವ ಆ ಪ್ರಶ್ನೆಯನ್ನು ನನ್ನ ಯಂತ್ರಕ್ಕೆ ನಾನೆಂದೂ ಕೇಳಿರಲಿಲ್ಲ.

ಈ ಜಿಲ್ಲೆಯಲ್ಲಿ ಹಳೆಯ ಕಾಗದದ ಬೆಲೆ ಏನೆಂದು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. ಗೂಡಲೂರು ಜನ್ಮಂ ಎಸ್ಟೇಟುಗಳ ರದ್ದತಿ ಕಾಯಿದೆ 1969ರದು. ಅದರ ಕೆಳಗಿನ ವ್ಯಾಜ್ಯಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಇಳಿದಿವೆ. ದೇಶದ ಅರಣ್ಯ ಕಾನೂನಿನ ದಿಕ್ಕನ್ನೇ ಬದಲಿಸಿದ ಗೋದವರ್ಮನ್ ತಿರುಮುಲ್ಪಾಡ್ ಪ್ರಕರಣ, 1995ರ 202ನೆಯ ರಿಟ್ ಅರ್ಜಿ, ಹೊರಟದ್ದು ಗೂಡಲೂರಿನ ಕಾಡುಗಳಿಂದ. ಸೀಗೂರು ಪ್ರಸ್ಥಭೂಮಿಯ ಆನೆದಾರಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2020ರ ಅಕ್ಟೋಬರ್ 14ರಂದು ತೀರ್ಪಿತ್ತು, ನಿವೃತ್ತ ನ್ಯಾಯಮೂರ್ತಿ ಕೆ. ವೆಂಕಟರಾಮನ್ ಅವರ ಅಧ್ಯಕ್ಷತೆಯಲ್ಲಿ ಆಕ್ಷೇಪಗಳನ್ನು ಕೇಳುವ ಸಮಿತಿಯನ್ನು ರಚಿಸಿದ ಮೇಲಂತೂ, ಮಸಿನಗುಡಿಯ ಸುತ್ತಮುತ್ತ ಪಟ್ಟಾ, ಚಿಟ್ಟಾ, ಕ್ರಯಪತ್ರಗಳಿಗಾಗಿ ಪೆಟ್ಟಿಗೆ ತಡಕದ ಮನೆಗಳು ಕಡಿಮೆ.

2020ರ ಲಾಕ್‌ಡೌನಿನಲ್ಲಿ ನ್ಯಾಯಾಲಯ ಮುಚ್ಚಿದ್ದಾಗ ನಾನು ಪೈಥಾನ್ ಎಂಬ ಭಾಷೆಯನ್ನು ಅಷ್ಟಿಷ್ಟು ಕಲಿತಿದ್ದೆ. ನೆದರ್‌ಲೆಂಡ್ಸಿನ ಗೈಡೋ ವಾನ್ ರೋಸಮ್ 1991ರಲ್ಲಿ ಹೊರತಂದ ಈ ಭಾಷೆಯ ಹೆಸರಿಗೂ ಹಾವಿಗೂ ಸಂಬಂಧವಿಲ್ಲ. ಅದು ಬ್ರಿಟನ್ನಿನ ಒಂದು ಹಾಸ್ಯ ತಂಡದ ಹೆಸರಿನಿಂದ ಬಂದದ್ದು. ಕಾನೂನು ಓದಿದವನಿಗೆ ಇದೆಲ್ಲ ಏಕೆ ಎಂದು ಮನೆಯಲ್ಲಿ ನಕ್ಕರು. ಆದರೆ ಕಡತ ಹುಡುಕುವಷ್ಟು ಮಟ್ಟಿಗೆ ಅದು ಅರ್ಜಿ ಬರೆಯುವುದಕ್ಕಿಂತ ಸುಲಭ.

ಕೆಲಸ ಇಷ್ಟೇ. ಯಾವ ಫೋಲ್ಡರಿನಿಂದ ಹೊರಡಬೇಕು ಎಂದು ಮೊದಲ ಸಾಲಿನಲ್ಲಿ ಹೇಳುತ್ತೇವೆ. ಯಾವ ಬಗೆಯ ಹೆಸರು ಬೇಕು ಎಂದು ಎರಡನೆಯ ಸಾಲಿನಲ್ಲಿ. ಇಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ 'ಆ ಜಾಗದಲ್ಲಿ ಏನಿದ್ದರೂ ಸರಿ' ಎಂದರ್ಥ. 1970ರ ದಶಕದ ಯುನಿಕ್ಸ್ ಯಂತ್ರಗಳಿಂದ ಬಂದ ರೂಢಿ ಇದು. ಸಿಕ್ಕಿದ್ದರ ಪೂರ್ಣ ವಿಳಾಸವನ್ನು ಮುದ್ರಿಸು ಎಂದು ಮೂರನೆಯ ಸಾಲಿನಲ್ಲಿ. ಫೋಲ್ಡರಿನೊಳಗಿನ ಫೋಲ್ಡರು, ಅದರೊಳಗಿನ ಫೋಲ್ಡರು ಎಂದು ತಳ ಮುಟ್ಟುವವರೆಗೆ ಯಂತ್ರ ತಾನೇ ಇಳಿದು ಹೋಗುತ್ತದೆ. ಹಳೆಯ ಕಾಲದ ಗುಮಾಸ್ತರು ಪ್ರತಿ ಬೀರುವಿನ ಪ್ರತಿ ಕಟ್ಟನ್ನೂ ಬಿಚ್ಚಿ ನೋಡುತ್ತಿದ್ದರಲ್ಲ, ಹಾಗೆ. ಬೇಸರವಿಲ್ಲ, ಕಾಫಿಗೆಂದು ಏಳುವುದೂ ಇಲ್ಲ.

ಆ ಮಧ್ಯಾಹ್ನ ಈ ಮೂರು ಸಾಲನ್ನು ಬರೆದು ಓಡಿಸಿದೆ. ಮತ್ತೆ ಏನೂ ಇಲ್ಲ.

ಆಗ ಒಂದೊಂದಾಗಿ ಯೋಚಿಸತೊಡಗಿದೆ. ನಮ್ಮ ಜಿಲ್ಲಾ ನ್ಯಾಯಾಲಯಗಳಿಗೆ ಇ-ಕೋರ್ಟ್ಸ್ ಯೋಜನೆಯಲ್ಲಿ ಬಂದಂತೆಯೇ ನನ್ನ ಕಚೇರಿಯಲ್ಲಿಯೂ ಇರುವುದು ಉಬುಂಟು. ವಿಂಡೋಸ್ ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವನ್ನೆಣಿಸುವುದಿಲ್ಲ, ಉಬುಂಟು ಎಣಿಸುತ್ತದೆ. ನಾನು ಕೇಳಿದ್ದು ಸಣ್ಣಕ್ಷರದ ಪಿಡಿಎಫ್. ಸ್ಕ್ಯಾನ್ ಯಂತ್ರ ಕೆಲವಕ್ಕೆ ಅದೇ ಮೂರು ಅಕ್ಷರಗಳನ್ನು ದೊಡ್ಡದಾಗಿ ಬರೆದಿಟ್ಟಿತ್ತು. ಅದನ್ನು ಸರಿಪಡಿಸಿದಾಗ ಫಲಿತಾಂಶದ ಪಟ್ಟಿ ಬೆಳೆಯಿತು, ನಮಗೆ ಬೇಕಾದದ್ದು ಮಾತ್ರ ಅದರಲ್ಲಿರಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬೆಚ್ಚಿಬೀಳಿಸಿತು. ಪೈಥಾನಿನಲ್ಲಿ ಫೋಲ್ಡರುಗಳನ್ನು ಸುತ್ತುವ 'ವಾಕ್' ಎಂಬ ಹಳೆಯ ಸಾಧನವಿದೆ. ತೆರೆಯಲು ಅನುಮತಿಯಿಲ್ಲದ ಫೋಲ್ಡರು ಎದುರಾದರೆ ಅದು ಸದ್ದಿಲ್ಲದೆ ಮುಂದೆ ಹೋಗಿಬಿಡುತ್ತದೆ; ನಾವಾಗಿ ಕೇಳದಿದ್ದರೆ ದೂರು ಹೇಳುವುದಿಲ್ಲ. ಬೀಗ ಹಾಕಿದ ಕೋಣೆಯನ್ನು ದಾಟಿ ಬಂದು 'ಎಲ್ಲ ಕಡೆ ನೋಡಿದೆ, ಇಲ್ಲ' ಎಂದು ವರದಿ ಕೊಡುವ ಅಮೀನನನ್ನು ಯಾವ ನ್ಯಾಯಾಧೀಶರು ನಂಬುತ್ತಾರೆ? ತೆರೆಯಲಾಗದ ಕೋಣೆಗಳ ಪಟ್ಟಿಯನ್ನೂ ಕೊಡು ಎಂದು ಒಂದು ಸಾಲು ಸೇರಿಸಿದೆ. ಅಂಥವು ಎರಡಿದ್ದವು. ಬೀಗ ತೆಗೆಸಿ ನೋಡಿದರೆ ಅಲ್ಲಿಯೂ ಇಲ್ಲ.

ಇನ್ನು ಊರಿನ ಹೆಸರು. ಗೂಡಲೂರು, ಗುಡಲೂರು, ಗೂಡ್ಲೂರು, ಮಸಿನಗುಡಿ, ಮಾಸಿನಗುಡಿ, ಊಟಿ, ಉದಕಮಂಡಲ, ಉದಗಮಂಡಲಂ. ನಮ್ಮ ಜಿಲ್ಲೆಯಲ್ಲಿ ಕನ್ನಡ, ತಮಿಳು, ಮಲಯಾಳ, ಇಂಗ್ಲಿಷ್ ನಾಲ್ಕರ ನಾಲಿಗೆಯ ಮೇಲೂ ಹೊರಳಿದ ಹೆಸರುಗಳಿವು. ಎಲ್ಲ ರೂಪಗಳನ್ನೂ ಒಂದೇ ಮಾದರಿಯಲ್ಲಿ ಸೇರಿಸಿ ಕೇಳುವ ವಿಧಾನ ಪೈಥಾನಿನಲ್ಲಿದೆ, ಕೇಳಿದೆ. ಅಂಕಿಗಳ ವಿಷಯದಲ್ಲಿ ಅದು ಅರ್ಧ ಜಾಣ. 'ಯಾವುದಾದರೂ ಅಂಕಿ' ಎಂದರೆ ಕನ್ನಡದ ಅಂಕಿಯನ್ನೂ ಹಿಡಿಯುತ್ತದೆ, ೨೦೧೯ ಎಂಬುದನ್ನು ಸಂಖ್ಯೆಯಾಗಿಸಲು ಹೇಳಿದರೆ ತಪ್ಪಿಲ್ಲದೆ 2019 ಎನ್ನುತ್ತದೆ. ಆದರೆ 2019 ಎಂಬ ಬರಹವನ್ನೇ ಹುಡುಕೆಂದರೆ ೨೦೧೯ ಎಂದಿರುವ ಕಡತದ ಮುಂದೆ ನಿಂತೂ ಮುಂದೆ ಸಾಗುತ್ತದೆ.

ಕೊನೆಗೆ ಹೆಸರುಗಳನ್ನೆಲ್ಲ ಪರದೆಯ ಮೇಲೆ ಉರುಳಿಸುತ್ತ ಕುಳಿತೆ. ಮೊಮ್ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. "ಸರ್, ಮೋಯಾರು ಅಂತ ಅಲ್ಲೇ ಇದೆಯಲ್ಲ" ಎಂದಳು. ಇತ್ತು. ನಾನು ಹುಡುಕಿದ ಪದವೂ ಕಡತದ ಮೇಲಿದ್ದ ಪದವೂ ಕಣ್ಣಿಗೆ ಒಂದೇ. ಎರಡೂ ಸಮವೇ ಎಂದು ಪೈಥಾನನ್ನು ಕೇಳಿದರೆ 'ಅಲ್ಲ' ಎಂದಿತು. ಉದ್ದ ಎಷ್ಟು ಎಂದು ಕೇಳಿದೆ. ನಾನು ಬರೆದ 'ಮೋಯಾರು' 6, ಕಡತದ ಮೇಲಿನ 'ಮೋಯಾರು' 8.

ಕಾರಣ ಹೀಗೆ. ಯಂತ್ರ ಅಕ್ಷರವನ್ನು ನೋಡುವುದಿಲ್ಲ, ಅದರ ಸಂಕೇತಗಳನ್ನು ನೋಡುತ್ತದೆ. ಯುನಿಕೋಡಿನಲ್ಲಿ 'ಮೋ' ಎಂಬುದನ್ನು ಎರಡು ವಿಧದಲ್ಲಿ ಬರೆಯಬಹುದು: ಮಕಾರದ ಮುಂದೆ ಓಕಾರದ ಒಂದೇ ಸಂಕೇತ, ಅಥವಾ ಮಕಾರದ ಮುಂದೆ ಎತ್ವ, ಅದರ ಮುಂದೆ ಕೊಂಬಿನ ದೀರ್ಘ, ಅದರ ಮುಂದೆ ದೀರ್ಘದ ಗುರುತು ಎಂದು ಮೂರು ತುಂಡು. ಈಕಾರ, ಏಕಾರ, ಐಕಾರ, ಒಕಾರಗಳಿಗೂ ಇದೇ ಪಾಡು. ನಮ್ಮ 'ನೀಲಗಿರಿ'ಯೂ ಒಂದು ರೂಪದಲ್ಲಿ 7, ಇನ್ನೊಂದರಲ್ಲಿ 8. ಕೀಲಿಮಣೆಯಲ್ಲಿ ಬರೆಯುವಾಗ ಸಾಮಾನ್ಯವಾಗಿ ಬರುವುದು ಕೂಡಿದ ರೂಪ. ಆದರೆ ಆಪಲ್ ಕಂಪ್ಯೂಟರುಗಳ ಹಳೆಯ ಕಡತವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಆ ಸ್ಕ್ಯಾನುಗಳನ್ನು ಹಿಂದೆ ನನ್ನಲ್ಲಿದ್ದ ಕಿರಿಯ ವಕೀಲರೊಬ್ಬರು ತಮ್ಮ ಆಪಲ್ ಲ್ಯಾಪ್‌ಟಾಪಿನಲ್ಲಿ ಹೆಸರಿಟ್ಟು, ಜಿಪ್ ಮಾಡಿ ಕಳುಹಿಸಿದ್ದರು. ಅವರದೇನೂ ತಪ್ಪಿಲ್ಲ, ನಾನೂ ಆರು ವರ್ಷ ಒಮ್ಮೆಯೂ ಪರೀಕ್ಷಿಸಿರಲಿಲ್ಲ.

ಇದಕ್ಕೆ ಮದ್ದು ಪೈಥಾನಿನಲ್ಲಿಯೇ ಇದೆ. ಹೋಲಿಸುವ ಮುನ್ನ ಎರಡು ಹೆಸರನ್ನೂ ಒಂದೇ ರೂಪಕ್ಕೆ ತರುವ 'ನಾರ್ಮಲೈಸ್' ಎಂಬ ಆಜ್ಞೆ. ಅದನ್ನು ಸೇರಿಸಿದ ಮೇಲೆ ಹಿರಿಯರ ಕ್ರಯಪತ್ರ ಸಿಕ್ಕಿತು. ಅದರೊಂದಿಗೆ, ನಾನು ಇಲ್ಲವೆಂದೇ ತಿಳಿದಿದ್ದ ಇನ್ನೂ ಕೆಲವರ ಕಾಗದಗಳೂ. ಹಿಂದೆ ಯಾರ್ಯಾರಿಗೆ 'ನಮ್ಮಲ್ಲಿ ಇಲ್ಲ' ಎಂದು ಹೇಳಿ ಕಳುಹಿಸಿದ್ದೆನೋ ಎಂದು ಆ ರಾತ್ರಿ ನೆನಪಿಸಿಕೊಂಡು, ಮರುದಿನ ಇಬ್ಬರಿಗೆ ಫೋನು ಮಾಡಿದೆ.

ಹೆಸರಿನ ಮಾತಾಯಿತು, ಒಳಗಿನ ಬರಹವನ್ನು ಹುಡುಕುವುದು ಇನ್ನೂ ತೊಡಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಅರ್ಜಿಗಳು ನೋಡಲು ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ. ಅವನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಬೇಕು. ಸ್ಕ್ಯಾನ್ ಮಾಡಿದ ಪಿಡಿಎಫ್ ಬರಿಯ ಚಿತ್ರ. ಟೆಸೆರಾಕ್ಟ್ ಎಂಬ ಉಚಿತ ತಂತ್ರಾಂಶ ಮುದ್ರಿತ ಕನ್ನಡವನ್ನು ಓದಿಕೊಡುತ್ತದೆ, ಕೈಬರಹದಲ್ಲಿ ಸೋಲುತ್ತದೆ.

ವಕೀಲನಾಗಿ ಒಂದು ಎಚ್ಚರಿಕೆ. ಹುಡುಕುವ ಕಾರ್ಯಕ್ರಮ ಹುಡುಕಬೇಕು, ಅಷ್ಟೇ. ಅಳಿಸುವ, ತಿದ್ದುವ ಆಜ್ಞೆಯನ್ನು ಅದೇ ಹಾಳೆಯಲ್ಲಿ ಬರೆಯಬಾರದು. ವಿದ್ಯುನ್ಮಾನ ದಾಖಲೆಯನ್ನು ಪುರಾವೆಯಾಗಿ ಕೊಡುವಾಗ ಹೊಸ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲಿ ಕಡತದ 'ಹ್ಯಾಶ್' ಮೌಲ್ಯವನ್ನು ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಹೆಬ್ಬೆರಳ ಗುರುತು. ಹೆಸರು ಬದಲಿಸಿದರೆ ಅದು ಬದಲಾಗದು. ಒಳಗೆ ಒಂದು ಚುಕ್ಕೆ ಸೇರಿಸಿದರೂ ಬದಲಾಗುತ್ತದೆ.

ಮಕ್ಕಳ ಜನನಪತ್ರ, ವರ್ಗಾವಣೆ ಪತ್ರ, ಜಾತಿ ಪ್ರಮಾಣಪತ್ರ, ಅಂಕಪಟ್ಟಿಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಬಿಡುವ ಪಾಲಕರು ನಮ್ಮಲ್ಲಿ ಅನೇಕರು. ಚಿತ್ರ ತೆಗೆದ ದಿನವೇ ಅದಕ್ಕೆ ಹೆಸರಿಡಿ. ವರ್ಷ ಮೊದಲು, ಆಮೇಲೆ ತಿಂಗಳು, ದಿನಾಂಕ ಬರೆದರೆ ಕಡತಗಳು ತಾವಾಗಿಯೇ ಕಾಲಕ್ರಮದಲ್ಲಿ ಕೂರುತ್ತವೆ. ಮಗುವಿನ ಹೆಸರನ್ನು ಶಾಲೆಯ ದಾಖಲೆಯಲ್ಲಿರುವಂತೆಯೇ ಪ್ರತಿ ಬಾರಿಯೂ ಬರೆಯಿರಿ. ಎರಡು ರಾಜ್ಯಗಳ ನಡುವೆ ಓಡಾಡುವ ನಮ್ಮ ಮಕ್ಕಳ ಹೆಸರು ಕಾಗದದಿಂದ ಕಾಗದಕ್ಕೆ ರೂಪ ಬದಲಿಸುವುದು ಹೊಸತೇನಲ್ಲ.

ಹಿರಿಯರ ಸ್ಕ್ಯಾನಿನಲ್ಲಿ ದಸ್ತಾವೇಜಿನ ಸಂಖ್ಯೆ, ವರ್ಷ ಎರಡೂ ಸ್ಪಷ್ಟವಾಗಿದ್ದವು. ನಮಗೆ ಬೇಕಾದದ್ದೂ ಅದೇ. 1908ರ ನೋಂದಣಿ ಕಾಯಿದೆಯ 57ನೆಯ ಕಲಮಿನಂತೆ ಉಪನೋಂದಣಾಧಿಕಾರಿಯ ಕಚೇರಿಯಿಂದ ದೃಢೀಕೃತ ನಕಲು ಪಡೆಯಬಹುದು. ಮೂಲದಲ್ಲಿ ಏನಿತ್ತು ಎಂಬುದಕ್ಕೆ ಆ ನಕಲು ಪುರಾವೆಯಾಗುತ್ತದೆ. ಅರ್ಜಿ ಬರೆದೆ, ಹಿರಿಯರು ತಮಿಳಿನಲ್ಲಿ ಸಹಿ ಹಾಕಿದರು. ಮೊಮ್ಮಗಳು ಅಷ್ಟರಲ್ಲಿ ನನ್ನ ಕೀಲಿಮಣೆಯ ಮುಂದೆ ಕುಳಿತು ತನ್ನ ಶಾಲೆಯ ಗೆಳತಿಯರ ಹೆಸರುಗಳನ್ನು ಒಂದೊಂದಾಗಿ ಬರೆದು, ಯಾವುದು ಎಷ್ಟು ತುಂಡಾಗುತ್ತದೆ ಎಂದು ಎಣಿಸುತ್ತಿದ್ದಳು. ಬಸ್ಸಿನ ಹೊತ್ತಾಯಿತೆಂದು ಅಜ್ಜ ಎರಡು ಬಾರಿ ಕರೆಯಬೇಕಾಯಿತು. ಆ ಎಂಟು ಸಾಲಿನ ಕಾರ್ಯಕ್ರಮವನ್ನು ಮುದ್ರಿಸಿ ಕೊಡಿ ಎಂದು ಕೇಳಿ, ಹಾಳೆಯನ್ನು ಮಡಚಿ ಗಣಿತದ ಪುಸ್ತಕದೊಳಗೆ ಇಟ್ಟುಕೊಂಡು ಹೋದಳು.