ಊರು ಬಿಡದ ಊಟ

ಉಡುಪಿಯ ಹೆಸರು ಹೊತ್ತ ಹೋಟೆಲ್ ಬೋರ್ಡುಗಳು ಚೆನ್ನೈ, ಮುಂಬಯಿ, ದುಬೈ ದಾಟಿ ಅಮೆರಿಕ ಮುಟ್ಟಿ ಎಷ್ಟೋ ಕಾಲವಾಯಿತು. ಆ ಬೋರ್ಡುಗಳ ಕೆಳಗೆ ಕೂತವರು ಇಡ್ಲಿ, ವಡೆ, ಮಸಾಲೆದೋಸೆ ಕೇಳುತ್ತಾರೆ, ಕೇಳಿದ್ದು ಬರುತ್ತದೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಸಾದಾ ಊಟದ ಹೋಟೆಲಿನಲ್ಲಿ ಮಧ್ಯಾಹ್ನ ಕೂತವರಿಗೆ ಸಪ್ಲೈಯರ್ ಕೇಳುವ ಮೊದಲ ಪ್ರಶ್ನೆಯೇ ಬೇರೆ: “ಕುಚ್ಚಲಾ, ಬೆಳ್ತಿಗೆಯಾ?” ಭತ್ತವನ್ನು ಹೊಟ್ಟಿನ ಸಮೇತ ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಮಿಲ್ಲಿಗೆ ಹಾಕಿದ್ದು ಕುಚ್ಚಲಕ್ಕಿ, ಹಸಿ ಭತ್ತವನ್ನೇ ಮಿಲ್ ಮಾಡಿದ್ದು ಬೆಳ್ತಿಗೆ. ಲೋಕಕ್ಕೆ ಗೊತ್ತಿರುವ ಉಡುಪಿ ಹೋಟೆಲಿನಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ. ಹೆಸರು ಮಾಡಿದ ತಿಂಡಿ ಊರು ಬಿಟ್ಟು ಹೋದದ್ದು. ಈ ಜಿಲ್ಲೆಯವರು ದಿನವೂ ಉಣ್ಣುವುದು ಊರು ಬಿಡಲಾಗದೆ ಉಳಿದದ್ದು. ಎರಡಕ್ಕೂ ‘ಉಡುಪಿ ಅಡುಗೆ’ ಎಂಬ ಒಂದೇ ಚೀಟಿ ಅಂಟಿಸುವುದರಿಂದ ಇಲ್ಲಿಗೆ ಬಂದ ಪ್ರವಾಸಿ ರಥಬೀದಿಯಲ್ಲಿ ದೋಸೆ ತಿಂದು, ಊರಿನ ಊಟ ಕಂಡೆನೆಂದುಕೊಂಡು ಬಸ್ಸು ಹತ್ತುತ್ತಾನೆ.

ಊಟ ಯಾಕೆ ಊರು ಬಿಡಲಿಲ್ಲ ಎಂಬುದಕ್ಕೆ ಮೊದಲ ಉತ್ತರ ಅಕ್ಕಿಯಲ್ಲೇ ಇದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಕರಾವಳಿಯಿದು. ಏಣೆಲು, ಸುಗ್ಗಿ, ಕೊಳಕೆ ಎಂದು ಇಲ್ಲಿ ಹೆಸರಿರುವ ಮೂರು ಬೆಳೆಗಳಲ್ಲಿ ಮುಖ್ಯವಾದ ಏಣೆಲು ಕೊಯ್ಲಿಗೆ ಬರುವಾಗ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ತೇವದಲ್ಲಿ ಅರೆಬರೆ ಒಣಗಿದ ಹಸಿ ಭತ್ತವನ್ನು ಕುಟ್ಟಿದರೆ ನುಚ್ಚೇ ಹೆಚ್ಚು. ಬೇಯಿಸಿ ಒಣಗಿಸಿದರೆ ಕಾಳು ಗಟ್ಟಿಯಾಗಿ ಇಡಿಯಾಗಿ ಉಳಿಯುತ್ತದೆ, ಹುಳು ಹಿಡಿಯುವುದೂ ಕಡಿಮೆ. ಹವೆ ಕಲಿಸಿದ ಈ ಉಪಾಯ ದೇಹಕ್ಕೂ ಒಳ್ಳೆಯದಾಯಿತು: ಬೇಯುವಾಗ ತವುಡಿನಲ್ಲಿರುವ ಬಿ ಜೀವಸತ್ವ ಕಾಳಿನೊಳಕ್ಕೆ ಇಳಿಯುತ್ತದೆ. ವಿಲಿಯಂ ಫ್ಲೆಚರ್ ಎಂಬ ವೈದ್ಯ 1905ರಲ್ಲಿ ಕೌಲಾಲಂಪುರದ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪಾಲಿಶ್ ಮಾಡಿದ ಬಿಳಿ ಅಕ್ಕಿ, ಇನ್ನೊಂದಕ್ಕೆ ಭಾರತೀಯ ಪದ್ಧತಿಯ ಕುಚ್ಚಲಕ್ಕಿ ಕೊಟ್ಟು ನೋಡಿದ. ಬೆರಿಬೆರಿ ಬಂದದ್ದು ಬಿಳಿ ಅಕ್ಕಿಯವರಿಗೆ. (ಇವತ್ತಾದರೆ ಅಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡುವುದಿಲ್ಲ, ಆ ಮಾತು ಬೇರೆ.) ಆದರೆ ಈ ಅಕ್ಕಿಗೆ ಅವಸರ ಆಗುವುದಿಲ್ಲ. ತುಂಬಾ ನೀರಿಟ್ಟು, ಬೆಳ್ತಿಗೆಗಿಂತ ಎಷ್ಟೋ ಹೆಚ್ಚು ಹೊತ್ತು ಬೇಯಿಸಿ, ತೆಳಿ ಬಸಿಯಬೇಕು. ಬೀಡಿ ಕಟ್ಟುವ, ಹಟ್ಟಿ ನೋಡುವ, ಗದ್ದೆಗೆ ಹೋಗಿಬರುವ ಹೆಂಗಸರಿಗೆ ಇದೇ ಅನುಕೂಲ: ಒಲೆಯ ಮೇಲಿಟ್ಟು ಬೇರೆ ಕೆಲಸ ನೋಡಬಹುದು, ತಳ ಹಿಡಿಯುವ ಹೆದರಿಕೆಯಿಲ್ಲ. ಬೆಂದದ್ದನ್ನು ತೆಳಿಯೊಡನೆ ಉಂಡರೆ ಗಂಜಿ, ಬಸಿದು ಉಂಡರೆ ಅನ್ನ, ರಾತ್ರಿ ನೀರು ಹೊಯ್ದಿಟ್ಟರೆ ಬೆಳಗ್ಗೆಗೆ ತಂಗಳು. ಒಂದೇ ಪಾತ್ರೆಯಿಂದ ಮೂರು ಹೊತ್ತು ಕಳೆಯುವ ಈ ಲೆಕ್ಕ ಮನೆಯದು. ಹತ್ತು ನಿಮಿಷಕ್ಕೊಬ್ಬ ಗಿರಾಕಿ ಏಳಬೇಕಾದ ಪರವೂರಿನ ಹೋಟೆಲಿಗೆ ಅದು ಹೊಂದುವುದಿಲ್ಲ.

ಎರಡನೆಯದು ತೆಂಗಿನಕಾಯಿ. ಇಲ್ಲಿಯ ಸಾರು, ಹುಳಿ, ಸಾಸಿವೆ, ತಂಬುಳಿ, ಮೆಣಸ್ಕಾಯಿ, ಬಸಳೆಯ ಕೊದ್ದೆಲ್, ಮೀನಿನ ಗಸಿ ಎಲ್ಲಕ್ಕೂ ಅಂದಂದು ತುರಿದು ಅಂದಂದೇ ಅರೆದ ಕಾಯಿ ಬೇಕು. ಕಾಯಿ ಹಾಕಿದ ಪದಾರ್ಥ ಸೆಕೆಗಾಲದಲ್ಲಿ ಸಂಜೆಯಾಗುವಾಗ ಹುಳಿ ವಾಸನೆ ಬರುತ್ತದೆ. ಹುಣಸೆ, ಮೆಣಸು ಜಾಸ್ತಿಯಿರುವ ಬಂಗುಡೆ ಸಾರಿಗೆ ಮಾತ್ರ ಈ ನಿಯಮದಿಂದ ರಿಯಾಯಿತಿ. ಮಣ್ಣಿನ ಅಳಗೆಯಲ್ಲಿ ಬಿಸಿ ಮಾಡಿಟ್ಟರೆ ಮಾರನೆಯ ದಿನ ನೀರುದೋಸೆಗೆ ಅದೇ ಹೆಚ್ಚು ರುಚಿ. ಕಾಯಿಯ ಜೊತೆಗೆ ಹಿತ್ತಿಲು ಬೇಕು, ಕಾಲ ಬೇಕು. ಪತ್ರೊಡೆಗೆ ಮಳೆಗಾಲದ ಕೆಸುವಿನೆಲೆ, ಪಲ್ಯಕ್ಕೆ ಮೊದಲ ಮಳೆಗೆ ಚಿಗುರುವ ತಜಂಕು, ನೆನೆಹಾಕಿಟ್ಟ ಕಣಿಲೆ (ಎಳೆ ಬಿದಿರು), ಬೇಸಿಗೆಯಲ್ಲಿ ಉಪ್ಪುನೀರಿಗೆ ಹಾಕಿ ಮಳೆಗಾಲದ ಆಟಿ ತಿಂಗಳಲ್ಲಿ ತೆಗೆಯುವ ಹಲಸಿನ ತೊಳೆ, ಅಷ್ಟಮಿಗೆ ಮುಂಡೇವಿನ ಎಲೆಯ ಮೂಡೆ. ಕಟಪಾಡಿ ಸಮೀಪದ ಮಟ್ಟು ಗ್ರಾಮದ ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಸೋದೆಯ ವಾದಿರಾಜರು ಬೀಜ ಕೊಟ್ಟರೆಂಬ ನಂಬಿಕೆ ಆ ಗುಳ್ಳದ್ದು. ಕಡಲಿಗೂ ಹೊಳೆಗೂ ನಡುವಿನ ಆ ಮರಳುಮಣ್ಣು ಬಿಟ್ಟರೆ ಅದರ ರುಚಿ ಕೆಡುತ್ತದೆ ಎಂಬುದು ಬೆಳೆಯುವವರ ಖಚಿತ ಮಾತು. ಗುಳ್ಳವೇನೋ ಬುಟ್ಟಿಯಲ್ಲಿ ಬೆಂಗಳೂರು ಸೇರುತ್ತದೆ. ಕುಚ್ಚಲು ಗಂಜಿಯ ಪಕ್ಕಕ್ಕೆ ಬೀಳುವ ಸುಟ್ಟ ಗುಳ್ಳದ ಗೊಜ್ಜು ಸೇರುವುದಿಲ್ಲ.

ಮೂರನೆಯ ಕಾರಣವನ್ನು ಅಡುಗೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ನಯವಾಗಿ ದಾಟಿಹೋಗುತ್ತಾರೆ: ಅನ್ನಕ್ಕಿದ್ದಷ್ಟು ಕಟ್ಟುಪಾಡು ತಿಂಡಿಗೆ ಇರಲಿಲ್ಲ. ಅನ್ನ ಮುಸುರೆ, ಯಾರು ಬೇಯಿಸಿದ್ದು, ಯಾರ ಪಕ್ಕ ಕೂತು ಉಂಡದ್ದು ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತಿತ್ತು. ಒಪ್ಪತ್ತಿನ ದಿನ ಅನ್ನ ಬಿಟ್ಟವರೂ ರಾತ್ರಿ ದೋಸೆ, ಅವಲಕ್ಕಿಯನ್ನು ಫಲಾಹಾರವೆಂದು ತಿನ್ನುವ ಪದ್ಧತಿ ಇಂದಿಗೂ ಇದೆ. ಹಾಗಾಗಿ ಊರು ಬಿಟ್ಟು ಹೊಟ್ಟೆಪಾಡಿಗೆ ಹೊರಟ ಅಡುಗೆಯವರು ಪೇಟೆಯಲ್ಲಿ ಸುಲಭವಾಗಿ ಮಾರಬಹುದಾದದ್ದು ತಿಂಡಿಯೇ. ಕೋಟ ಸಮೀಪದ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದದ್ದು ಬ್ರಾಹ್ಮಣರ ಕಾಫಿ ಕ್ಲಬ್. ಮುಂದೆ ಅದೇ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. 1898ರಲ್ಲಿ ಕಡಂದಲೆಯಲ್ಲಿ ಹುಟ್ಟಿದ ಕೆ. ಕೃಷ್ಣರಾವ್ ಮದರಾಸಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ ನಡೆಸಿ, 1938ರಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಮಾಟುಂಗದಲ್ಲಿ 1942ರಿಂದ ಇರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಊಟಕ್ಕೇ ಹೆಸರಾದದ್ದು ನಿಜ, ಆದರೆ ಅದು ಮುಂಬಯಿಗೆ ಹೊಂದಿಸಿದ ಊಟ: ಚಪಾತಿ, ಪೂರಿ, ಬಿಳಿ ಅನ್ನ. ಇವರನ್ನು ಕೀಳುಗಳೆಯುವ ಮಾತಲ್ಲ ಇದು. ತಾವು ಮನೆಯಲ್ಲಿ ಉಂಡದ್ದನ್ನು ಬದಿಗಿಟ್ಟು ಪೇಟೆಗೆ ಬೇಕಾದದ್ದನ್ನು ಕಂಡುಕೊಂಡದ್ದೇ ಅವರ ಜಾಣತನ.

ಕೃಷ್ಣಮಠದ ಅಡುಗೆಮನೆಯೇ ಉಡುಪಿ ಅಡುಗೆಯ ಮೂಲವಲ್ಲವೇ ಎಂದು ಕೇಳುವವರು ಉಂಟು. ಮಠ ಅನ್ನದಾನದ ದೊಡ್ಡ ವ್ಯವಸ್ಥೆ ಎನ್ನುವುದರಲ್ಲಿ ಎರಡು ಮಾತಿಲ್ಲ. ಎರಡು ವರ್ಷಕ್ಕೊಮ್ಮೆ ಅಷ್ಟಮಠಗಳಲ್ಲಿ ಒಂದಕ್ಕೆ ಪೂಜೆಯ ಸರದಿ ಬರುವ ಪರ್ಯಾಯಕ್ಕೆ ತಯಾರಿ ಶುರುವಾಗುವುದೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತಗಳಿಂದ. ಎಲೆ, ಅಕ್ಕಿ, ಸೌದೆ, ಭತ್ತದ ಲೆಕ್ಕ ಸರಿಹೋದ ಮೇಲೆಯೇ ಪೀಠದ ಮಾತು. ದೊಡ್ಡ ಪಂಕ್ತಿಗೆ ಹೊತ್ತಿಗೆ ಸರಿಯಾಗಿ ಬಡಿಸುವ ಶಿಸ್ತನ್ನು ಹೋಟೆಲಿನವರು ಇಲ್ಲಿಂದ ಕಲಿತಿರಬೇಕು ಎಂಬ ವಾದವನ್ನು ಒಪ್ಪಬಹುದು. ಅಡುಗೆಯ ಪಟ್ಟಿಯೂ ಇಲ್ಲಿಂದಲೇ ಹೋಯಿತೆಂಬುದನ್ನು ಒಪ್ಪುವುದು ಕಷ್ಟ. ಮಸಾಲೆದೋಸೆಯ ಪಲ್ಯದಲ್ಲಿರುವ ನೀರುಳ್ಳಿ ಮಠದ ಒಲೆಯ ಹತ್ತಿರ ಸುಳಿಯುವಂತಿಲ್ಲ. ಚಾತುರ್ಮಾಸ್ಯದ ಒಂದು ತಿಂಗಳು ತರಕಾರಿಯೇ ವರ್ಜ್ಯ, ಇನ್ನೊಂದು ತಿಂಗಳು ಬೇಳೆಕಾಳು ವರ್ಜ್ಯ. ಕುಚ್ಚಲಕ್ಕಿಯೂ ಒಮ್ಮೆ ಬೆಂದದ್ದೆಂಬ ಕಾರಣಕ್ಕೆ ನೈವೇದ್ಯಕ್ಕೆ ಆಗುವುದಿಲ್ಲ. ದೇವರಿಗೆ, ಶ್ರಾದ್ಧಕ್ಕೆ, ಮದುವೆಗೆ ಬೆಳ್ತಿಗೆ. ಉಳಿದ ದಿನ ಅದೇ ಮನೆಯಲ್ಲಿ ಕುಚ್ಚಲು. ಅಂದರೆ ಮಠದ ಊಟ ಹೋಟೆಲಿನದ್ದಕ್ಕೂ ಮನೆಯದ್ದಕ್ಕೂ ಬೇರೆಯಾದ ಮೂರನೆಯ ಒಂದು ಊಟ. ಅಲ್ಲಿಯ ಪಂಕ್ತಿಭೇದದ ವಿರುದ್ಧ ಎದ್ದ ದನಿಗಳನ್ನು ಮರೆತು ಅದನ್ನು ಇಡೀ ಊರಿನ ಊಟ ಎನ್ನುವುದು ನ್ಯಾಯವೂ ಅಲ್ಲ. ಮೊಗವೀರರ ಮನೆಯ ಬೂತಾಯಿ, ಬಂಟರ ಮನೆಯ ಕೋರಿ ರೊಟ್ಟಿ, ಬ್ಯಾರಿಗಳ ಪತ್ತಿರ್, ಕೊಂಕಣಿಗರ ದಾಳಿತೋಯ್, ಕ್ರೈಸ್ತರ ಸನ್ನಾಸ್ ಇವೆಲ್ಲವನ್ನೂ ಹೊರಗಿಟ್ಟರೆ ಜಿಲ್ಲೆಯ ಬಹುಪಾಲು ಒಲೆಗಳು ಲೆಕ್ಕಕ್ಕೆ ಸಿಗುವುದೇ ಇಲ್ಲ.

ಮೀನೂ ಊರು ಬಿಟ್ಟು ಹೋಗಿದೆಯಲ್ಲ, ಮುಂಬಯಿಯ ಕೋಟೆ ಪ್ರದೇಶದ ಮಂಗಳೂರು ಶೈಲಿಯ ಹೋಟೆಲುಗಳಲ್ಲಿ ಗಸಿ, ನೀರುದೋಸೆ ಸಿಗುತ್ತದಲ್ಲ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಸಿಗುತ್ತದೆ. ಆದರೆ ಅಲ್ಲಿಗೆ ಹೋದದ್ದು ಅಂಜಲ್, ಮಾಂಜಿ, ಸಿಗಡಿ, ಏಡಿ, ತುಪ್ಪದಲ್ಲಿ ಹುರಿದ ಕೋಳಿ. ಅಂದರೆ ಹಬ್ಬದ ಮತ್ತು ನೆಂಟರ ಊಟ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಂತು, ಮಲ್ಪೆ ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿರುವಾಗ ಕರಾವಳಿಯ ಮನೆ ಉಣ್ಣುವುದೇ ಬೇರೆ: ಗಂಜಿ, ಕೆಂಡದಲ್ಲಿ ಸುಟ್ಟ ಒಣಮೀನಿಗೆ ಕಾಯಿ, ಹುಣಸೆ, ಮೆಣಸು ಸೇರಿಸಿ ಗುದ್ದಿದ ಚಟ್ನಿ, ಒಂದು ತುಂಡು ಮಿಡಿ ಉಪ್ಪಿನಕಾಯಿ. ನಾಡದೋಣಿಯವರಿಗೆ ಕಡಲು ಕರುಣಿಸಿದ ದಿನ ಸ್ವಲ್ಪ ಹಸಿಮೀನು. ಇದನ್ನು ದರ ಹಾಕಿ ಮೆನುವಿನಲ್ಲಿ ಬರೆಯುವ ಧೈರ್ಯ ಮುಂಬಯಿಯ ಹೋಟೆಲು ಮಾಡಲಿಕ್ಕಿಲ್ಲ, ಮಾಡಿದರೆ ಒಣಮೀನಿನ ವಾಸನೆಗೆ ಪಕ್ಕದ ಮೇಜು ಖಾಲಿಯಾದೀತು.

ಮನೆಯ ಊಟ ಹೊರಗೆ ಸಿಗುವುದಿದ್ದರೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳದಂಥ ಊರುಗಳಲ್ಲೇ. ಉಡುಪಿಯಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಸುಮಾರು 13 ಕಿಲೋಮೀಟರ್ ಹೋದರೆ ಕಾಪು. ಪ್ರವಾಸಿಗರು ಬರುವುದು 1901ರ ದೀಪಸ್ತಂಭಕ್ಕೆ. ಊರವರು ಮಧ್ಯಾಹ್ನ ಹೋಗುವುದು ಆರೆಂಟು ಮೇಜಿನ ಮೀನೂಟದ ಹೋಟೆಲಿಗೆ. ಬಟ್ಟಲಲ್ಲಿ ಕುಚ್ಚಲು ಅನ್ನ, ಅದರ ಮೇಲೆ ಅಂದಿನ ಮೀನಿನ ಸಾರು, ಒಂದು ಪಲ್ಯ, ಉಪ್ಪಿನಕಾಯಿ. ಹುರಿದ ಮೀನು ಬೇಕಾದವರಿಗೆ ಬೇರೆ ಲೆಕ್ಕ. ಯಾವ ಮೀನು ಎಂಬುದನ್ನು ತೀರ್ಮಾನಿಸುವುದು ಬೆಳಗಿನ ಬಂದರು. ಕಾರ್ಕಳ ಒಳನಾಡು, 1432ರ 42 ಅಡಿಯ ಗೊಮ್ಮಟ, 1586ರ ಚತುರ್ಮುಖ ಬಸದಿ, ಅತ್ತೂರಿನ ಸಂತ ಲಾರೆನ್ಸರ ಬೆಸಿಲಿಕಾ, ಪಡುತಿರುಪತಿ ಎನಿಸಿಕೊಂಡ ವೆಂಕಟರಮಣ ದೇವಸ್ಥಾನ ಎಲ್ಲ ಒಂದೇ ಪೇಟೆಯ ಆಸುಪಾಸಿನಲ್ಲಿವೆ. ನೆಲದಡಿ ಬೆಳೆಯುವ ಗೆಡ್ಡೆ ಮುಟ್ಟದ, ಹೊತ್ತು ಮುಳುಗುವ ಮೊದಲೇ ಉಣ್ಣುವ ಜೈನರ ಮನೆಯೂ ಹಂದಿಮಾಂಸದ ಬಫಾತ್ ಮಾಡುವ ಕ್ರೈಸ್ತರ ಮನೆಯೂ ಅಲ್ಲಿ ಒಂದೇ ಅಂಗಡಿಯಿಂದ ಒಂದೇ ಕುಚ್ಚಲಕ್ಕಿ ತರುತ್ತವೆ. ಈ ಜಿಲ್ಲೆಯಲ್ಲಿ ಜಾತಿ, ಮತ ಅಡುಗೆಯನ್ನು ಎಷ್ಟು ಬಿಡಿಸಿಟ್ಟಿದ್ದರೂ ಅಡಿಯಲ್ಲಿರುವ ಅಕ್ಕಿ ಒಂದೇ. ನನ್ನ ಮಟ್ಟಿಗೆ, ‘ಉಡುಪಿ ಊಟ’ ಎಂದು ಒಂದನ್ನು ತೋರಿಸಲೇಬೇಕಾದರೆ ತೋರಿಸಬೇಕಾದದ್ದು ಅದನ್ನೇ.

ಉಡುಪಿ ರಥಬೀದಿಯ ಮಿತ್ರಸಮಾಜ ಹೋಟೆಲಿನ ಗೋಳಿಬಜೆ, ಬನ್ಸ್, ಡಯಾನಾ ಹೋಟೆಲಿನ ಗಡ್‌ಬಡ್ ಐಸ್‌ಕ್ರೀಂ ಇವುಗಳನ್ನು ಊರವರೂ ಪ್ರೀತಿಯಿಂದ ತಿನ್ನುತ್ತಾರೆ, ಆದರೆ ನಾಲ್ಕು ಗಂಟೆಗೆ. ಮಣಿಪಾಲದ ಪ್ರಶ್ನೆ ಸ್ವಲ್ಪ ತೊಡಕಿನದು. ಡಾ. ಟಿ.ಎಂ.ಎ. ಪೈಯವರು ಬೋಳುಗುಡ್ಡದ ಮೇಲೆ 1953ರಲ್ಲಿ ವೈದ್ಯಕೀಯ ಕಾಲೇಜು ತೆರೆದಂದಿನಿಂದ ಅದು ಪರವೂರಿನವರ ಊರು. ಪರಾಠ, ಬಿರಿಯಾನಿ, ಶವರ್ಮಾ, ಮೊಮೊ ಎಲ್ಲ ಅಲ್ಲಿ ಮಧ್ಯರಾತ್ರಿ ಹತ್ತಿರವಾದರೂ ಸಿಗುತ್ತವೆ. ಅಲ್ಲಿ ನಿಂತು ನೋಡುವವರಿಗೆ ಕುಚ್ಚಲು ಊಟ ಮುದುಕರ ಊಟದಂತೆ ಕಂಡರೆ ತಪ್ಪಲ್ಲ. ಆದರೆ ಮಣಿಪಾಲ ಎಂದರೆ ವಿದ್ಯಾರ್ಥಿಗಳು ಮಾತ್ರವಲ್ಲ. ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ದಾದಿಯರು, ಕಚೇರಿಯವರು, ಕಟ್ಟಡದ ಕೆಲಸದವರು ಇದ್ದಾರೆ. ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂತ ಮನೆಯವರು ಇದ್ದಾರೆ. ಇವರ ಬುತ್ತಿಯಲ್ಲಿ, ಇವರು ಹೋಗುವ ಒಳದಾರಿಯ ಹೋಟೆಲಿನಲ್ಲಿ ಕುಚ್ಚಲು ಅನ್ನವೇ ಇರುವುದು. ಜ್ವರ ಬಿಟ್ಟವರಿಗೆ ಗಂಜಿ ಎಂಬ ಕರಾವಳಿಯ ನಂಬಿಕೆಯನ್ನು ಮೆಡಿಕಲ್ ಕಾಲೇಜೂ ಅಲ್ಲಾಡಿಸಿಲ್ಲ.

ಹಾಗೆಂದು ಮನೆಯ ಊಟ ಭದ್ರವಾಗಿದೆ ಎನ್ನುವಂತಿಲ್ಲ. ಆಟಿ ತಿಂಗಳಲ್ಲಿ ಸಭಾಭವನಗಳಲ್ಲಿ ನಡೆಯುವ ‘ಆಟಿಡೊಂಜಿ ದಿನ’ದ ಕಾರ್ಯಕ್ರಮಗಳಲ್ಲಿ ತಜಂಕಿನ ಪಲ್ಯ, ಪತ್ರೊಡೆ, ಕಣಿಲೆಯನ್ನು ಸಾಲಾಗಿ ಇಟ್ಟು ಬಡಿಸುತ್ತಾರೆ, ಫೋಟೊ ತೆಗೆಯುತ್ತಾರೆ. ಮನೆಯಲ್ಲಿ ದಿನವೂ ಇದ್ದದ್ದಕ್ಕೆ ವೇದಿಕೆ ಬೇಕಾಗುವುದಿಲ್ಲ. ಹಿತ್ತಿಲಿಲ್ಲದ ಫ್ಲ್ಯಾಟಿನಲ್ಲಿ ಬಸಳೆಯ ಚಪ್ಪರ ಎಲ್ಲಿ ಹಾಕುವುದು, ಒಂಬತ್ತಕ್ಕೆ ಕೆಲಸಕ್ಕೆ ಓಡುವವರು ಕಾಯಿ ಎಷ್ಟು ಹೊತ್ತಿಗೆ ಅರೆಯುವುದು ಎಂಬ ಪ್ರಶ್ನೆಗಳು ನ್ಯಾಯವಾದವೇ. ಆದರೂ ಮಿಕ್ಸಿ ಬಂದು ಕಡೆಯುವ ಕಲ್ಲು ಮೂಲೆ ಸೇರಿದಾಗ ಊಟ ಉಳಿಯಿತು, ಸೌದೆಯ ಬದಲು ಕುಕ್ಕರ್ ಬಂದಾಗಲೂ ಉಳಿಯಿತು. ಒಲೆಯ ಬದಲಾವಣೆಗಿಂತ ಗದ್ದೆಯ ಬದಲಾವಣೆ ಹೆಚ್ಚು ಆಳದ್ದು. ಆಳು ಸಿಗದೆ, ಖರ್ಚು ಹುಟ್ಟದೆ ಎಷ್ಟೋ ಗದ್ದೆಗಳು ಹಡಿಲು (ಪಾಳು) ಬಿದ್ದಿವೆ, ಇನ್ನೆಷ್ಟೋ ಅಡಿಕೆ ತೋಟವಾಗಿವೆ. ಉಳಿದವುಗಳಲ್ಲಿ ಹೆಚ್ಚಿನವರು ಬಿತ್ತುವುದು ಕೇರಳದ ಮಂಕೊಂಬಿನಿಂದ ಬಂದ ಎಂಒ4 ತಳಿಯ ಕೆಂಪು ಭತ್ತ. ಪಡಿತರದಲ್ಲಿ ಸ್ಥಳೀಯ ಕುಚ್ಚಲಕ್ಕಿಯನ್ನೇ ಕೊಡಿ ಎಂಬುದು ಕರಾವಳಿಯ ಹಳೆಯ ಬೇಡಿಕೆ. ಅದು ಈಡೇರಬೇಕಾದರೆ ಸರಕಾರ ಕೊಯ್ಲಿನ ಹೊತ್ತಿಗೇ ಭತ್ತ ಕೊಳ್ಳಬೇಕು. ಖರೀದಿ ಕೇಂದ್ರ ತೆರೆಯುವುದು ತಡವಾದರೆ, ಒಣಗಿಸಿ ಕೂಡಿಡಲು ಜಾಗವಿಲ್ಲದ ಸಣ್ಣ ರೈತ ಸಿಕ್ಕಿದ ದರಕ್ಕೆ ಮಿಲ್ಲಿಗೆ ಕೊಟ್ಟು ಮುಗಿಸಿರುತ್ತಾನೆ. ‘ಕಾರ್ಲ ಕಜೆ’ ಎಂಬ ಹೆಸರಿನಲ್ಲಿ ಕಾರ್ಕಳದ ಕೆಂಪಕ್ಕಿಯನ್ನು ಮಾರುಕಟ್ಟೆಗೆ ತರುವ ಪ್ರಯತ್ನವೂ ನಡೆದಿದೆ. ಅದೇ ಕಾರ್ಕಳದ ಮಿಲ್ಲುಗಳಲ್ಲಿ ಬೇಯುವುದು ಊರಿನ ಭತ್ತ ಮಾತ್ರವಲ್ಲ, ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿದ ಭತ್ತವೂ ಹೌದು. ಊಟ ಊರು ಬಿಟ್ಟು ಹೋಗಲಿಲ್ಲ. ಅದಕ್ಕೆ ಬೇಕಾದ ಅಕ್ಕಿ ಈಗ ಬೇರೆ ಊರಿನಿಂದ ಬರತೊಡಗಿದೆ.