ಗ್ಲೌಸ್ ಯಾರ ಕೈಗೆ, ಯಾರ ತಲೆಗೆ?

ಬಾಕ್ಸಿಂಗ್ ಗ್ಲೌಸ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಸಾಮಾನ್ಯವಾಗಿ ಎರಡೇ ಕೆಲಸ ಮಾಡುತ್ತಾರೆ. ಕೈ ತೂರಿಸಿ ಮುಷ್ಟಿ ಬಿಗಿಯುತ್ತಾರೆ, ಆಮೇಲೆ ಇನ್ನೊಂದು ಅಂಗೈಗೆ ಮೆಲ್ಲಗೆ ಗುದ್ದಿ ನೋಡುತ್ತಾರೆ. ಹಿತವೆನಿಸಿದರೆ ಬಿಲ್ ಮಾಡಿಸುತ್ತಾರೆ. ಕೈಗೆ ಹಿತವಾಗಿದೆಯೇ ಎಂದು ನೋಡುವುದು ತಪ್ಪಲ್ಲ, ಆದರೆ ಅದು ಅರ್ಧ ಪರೀಕ್ಷೆ ಮಾತ್ರ. ದೊಡ್ಡ ಅಮೆಚೂರ್ ಪಂದ್ಯಾವಳಿಗಳಲ್ಲಿ ಸಂಘಟಕರೇ ಇಬ್ಬರಿಗೂ ಒಂದೇ ಬಗೆಯ ಗ್ಲೌಸ್ ಕೊಡುತ್ತಾರೆ. ಅಲ್ಲಿ ಆಟಗಾರರ ಇಷ್ಟಾನಿಷ್ಟಕ್ಕೆ ಜಾಗವಿಲ್ಲ. ಹಾಗಾಗಿ ನಾವು ದುಡ್ಡು ಕೊಟ್ಟು ತಂದ ಜೋಡಿ ತನ್ನ ಆಯುಸ್ಸನ್ನೆಲ್ಲ ಕಳೆಯುವುದು ಅಭ್ಯಾಸದಲ್ಲೇ: ನೇತುಹಾಕಿದ ಬ್ಯಾಗಿನ ಮೇಲೆ, ತರಬೇತುದಾರ ಹಿಡಿದ ಪ್ಯಾಡಿನ ಮೇಲೆ, ನಮ್ಮ ಜೊತೆಗೇ ಕಲಿಯುತ್ತಿರುವ ಇನ್ನೊಬ್ಬರ ಮುಖದ ಮೇಲೆ. ಮೊದಲೆರಡಕ್ಕೆ ನೋವಾಗುವುದಿಲ್ಲ. ಆದ್ದರಿಂದ ಅಭ್ಯಾಸದ ಗ್ಲೌಸನ್ನು ತೊಡುವವರ ಕೈಗಿಂತ ಮೊದಲು ಏಟು ತಿನ್ನುವವರ ತಲೆಯನ್ನು ನೋಡಿ ಆರಿಸಬೇಕು ಎಂಬುದು ನನ್ನ ವಾದ. ಇದನ್ನು ಒರೆಗೆ ಹಚ್ಚಿ ನೋಡಲು ನೆದರ್ಲೆಂಡ್ಸ್‌ಗಿಂತ ತಕ್ಕ ದೇಶ ಸಿಗಲಾರದು.

ಡಚ್ಚರ ಬಾಕ್ಸಿಂಗ್ ಚರಿತ್ರೆ ಸಣ್ಣದೇನಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ರಾಟರ್‌ಡ್ಯಾಮಿನ ಬೆಪ್ ಫಾನ್ ಕ್ಲಾವರೆನ್ ಫೆದರ್‌ವೇಟ್ ಚಿನ್ನ ಗೆದ್ದ. ಆರ್ನಾಲ್ಡ್ ವಾಂಡರ್‌ಲೈಡ್ 1984, 1988, 1992ರಲ್ಲಿ ಸಾಲಾಗಿ ಮೂರು ಕಂಚು ತಂದ. ನೌಷ್ಕಾ ಫಾಂಟೈನ್ 2016ರ ರಿಯೋದಲ್ಲಿ ಬೆಳ್ಳಿ ಗೆದ್ದಳು. ಆದರೂ ಆ ದೇಶ ಜಗತ್ತನ್ನು ಬೆರಗುಗೊಳಿಸಿದ್ದು ಕಿಕ್‌ಬಾಕ್ಸಿಂಗ್‌ನಲ್ಲಿ. ಜಪಾನಿನಲ್ಲಿ ಹುಟ್ಟಿದ ಕೆ-1 ವರ್ಲ್ಡ್ ಗ್ರಾಂ ಪ್ರೀ 1993ರಿಂದ 2010ರವರೆಗೆ 18 ಬಾರಿ ನಡೆಯಿತು. ಅದರಲ್ಲಿ 15 ಬಾರಿ ಗೆದ್ದವರು ಡಚ್ಚರು. ಅರ್ನೆಸ್ಟೊ ಹೂಸ್ಟ್ ಮತ್ತು ಸೆಮ್ಮಿ ಸ್ಕಿಲ್ಟ್ ನಾಲ್ಕು ನಾಲ್ಕು ಸಲ, ಪೀಟರ್ ಆರ್ಟ್ಸ್ ಮತ್ತು ರೆಮಿ ಬೊಂಯಾಸ್ಕಿ ಮೂರು ಮೂರು ಸಲ, ಕೊನೆಯದಾಗಿ ಅಲಿಸ್ಟೇರ್ ಓವರೀಮ್. ಮೊದಲ ವರ್ಷ ಗೆದ್ದ ಬ್ರಾಂಕೊ ಸಿಕಾಟಿಚ್ ಕ್ರೊಯೇಷಿಯಾದವನು ನಿಜ, ಆದರೆ ಪಳಗಿದ್ದು ಆಮ್‌ಸ್ಟರ್‌ಡ್ಯಾಮಿನ ಚಾಕುರಿಕಿ ಜಿಮ್‌ನಲ್ಲಿ. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಜನಸಂಖ್ಯೆಯ ನಾಡು ಇದು.

ಈ ಗೆಲುವುಗಳ ಹಿಂದೆ ಒಂದು ತರಬೇತಿ ಕ್ರಮವಿದೆ, ಗ್ಲೌಸಿನ ಪ್ರಶ್ನೆ ಅಲ್ಲಿಂದಲೇ ಏಳುತ್ತದೆ. ಡಚ್ಚನಾದ ಯಾನ್ ಪ್ಲಾಸ್ ಜಪಾನಿಗೆ ಹೋಗಿ ಕಿಕ್‌ಬಾಕ್ಸಿಂಗ್ ಗುರು ಕೆಂಜಿ ಕುರೊಸಾಕಿಯ ಬಳಿ ಕಲಿತು ಬಂದು 1978ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮೆಜಿರೊ ಜಿಮ್ ತೆರೆದ. ಥಾಯ್ಲೆಂಡಿನಲ್ಲಿ ಅಭ್ಯಾಸದ ಬಹುಪಾಲು ತರಬೇತುದಾರ ಹಿಡಿದ ಪ್ಯಾಡಿನ ಮೇಲೆ ಸಾಗುತ್ತದೆ. ಡಚ್ ಜಿಮ್‌ನಲ್ಲಿ ಹೆಚ್ಚಿನ ಹೊತ್ತು ಇಬ್ಬಿಬ್ಬರು ಎದುರುಬದುರು ನಿಂತಿರುತ್ತಾರೆ. ಒಬ್ಬ ಮೂರು ನಾಲ್ಕು ಗುದ್ದು ಕೊಟ್ಟು ಕೊನೆಗೆ ತೊಡೆಗೊಂದು ಒದೆ ಸೇರಿಸುತ್ತಾನೆ. ಇನ್ನೊಬ್ಬ ಅದಷ್ಟನ್ನೂ ತನ್ನ ಗ್ಲೌಸಿನ ಮೇಲೆ, ಮೊಣಕಾಲ ಕೆಳಗಿನ ಶಿನ್ ಗಾರ್ಡಿನ ಮೇಲೆ ತಡೆದು, ಅದೇ ಸರಣಿಯನ್ನು ತಿರುಗಿ ಕೊಡುತ್ತಾನೆ. ಪ್ಯಾಡ್ ಹಿಡಿಯಲು ಬೇರೊಬ್ಬರು ಬೇಕಿಲ್ಲ, ಒಬ್ಬನೇ ತರಬೇತುದಾರ ಇಪ್ಪತ್ತು ಮೂವತ್ತು ಮಂದಿಯನ್ನು ನೋಡಿಕೊಳ್ಳಬಹುದು. ಅಂದರೆ ಇಲ್ಲಿ ಗ್ಲೌಸ್ ಹೊಡೆಯುವ ಸಾಧನವೂ ಹೌದು, ಏಟು ತಿನ್ನುವ ಪ್ಯಾಡೂ ಹೌದು. ತಡೆಯುವಾಗ ಅಂಗೈ, ಮುಂಗೈ ಹಿಂಬದಿ, ಮಣಿಕಟ್ಟು ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ತಡೆ ತಪ್ಪಿದರೆ ಪೆಟ್ಟು ಎದುರಿನವನ ದವಡೆಗೆ. ಗ್ಲೌಸಿನಲ್ಲಿ ಎಷ್ಟು ಮೆತ್ತೆ ಇದೆ, ಯಾವ ಕಡೆ ಇದೆ ಎಂಬುದು ಈ ಪದ್ಧತಿಯಲ್ಲಿ ಇಬ್ಬರ ವ್ಯವಹಾರವಾಗುತ್ತದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಎದುರಾಗುತ್ತದೆ, ಅದನ್ನು ಬದಿಗೆ ಸರಿಸುವಂತಿಲ್ಲ. ಗ್ಲೌಸ್ ತಲೆಯನ್ನು ಕಾಯುವುದೇ ಇಲ್ಲ, ಹೊಡೆಯುವವನ ಕೈಮೂಳೆಯನ್ನಷ್ಟೇ ಕಾಯುತ್ತದೆ ಎಂಬ ಆಕ್ಷೇಪ ಅದು. ಬರಿಗೈಯಿಂದ ತಲೆಬುರುಡೆಗೆ ಗುದ್ದಿದರೆ ಮೊದಲು ಮುರಿಯುವುದು ಗುದ್ದಿದವನ ಕಿರುಬೆರಳ ಬುಡದ ಮೂಳೆ. ಈ ಮುರಿತಕ್ಕೆ ವೈದ್ಯರು ಬಾಕ್ಸರನ ಹೆಸರನ್ನೇ ಇಟ್ಟಿದ್ದಾರೆ. 1867ರ ಕ್ವೀನ್ಸ್‌ಬರಿ ನಿಯಮಗಳು ಗ್ಲೌಸನ್ನು ಕಡ್ಡಾಯ ಮಾಡಿದ ಮೇಲೆ ತಲೆಗೆ ಗುದ್ದುವುದು ಸಲೀಸಾಯಿತು. ಡಚ್ಚರ ಕಥೆಯೂ ಇದನ್ನೇ ಹೇಳುತ್ತದೆ. ಅವರ ಕಿಕ್‌ಬಾಕ್ಸಿಂಗ್‌ನ ಬೇರು ಕ್ಯೊಕುಶಿನ್ ಕರಾಟೆಯಲ್ಲಿದೆ. ಅಲ್ಲಿ ಬರಿಮುಷ್ಟಿಯ ಹೊಡೆತ ಎದೆ ಹೊಟ್ಟೆಗಷ್ಟೇ, ಮುಖಕ್ಕೆ ಕೈಯೆತ್ತುವುದು ನಿಷಿದ್ಧ. ಗ್ಲೌಸ್ ಬಂತು, ಮುಖ ಬಯಲಿಗೆ ಬಿತ್ತು. ಹೆಡ್‌ಗಾರ್ಡಿನ ಅನುಭವವೂ ಇಂಥದ್ದೇ. 1984ರಿಂದ ಒಲಿಂಪಿಕ್ ಬಾಕ್ಸರುಗಳು ಅದನ್ನು ತೊಟ್ಟರು. 2016ರ ಹೊತ್ತಿಗೆ ಪುರುಷರ ಪಂದ್ಯದಿಂದ ಅದನ್ನು ತೆಗೆದುಹಾಕಿದರು. ಹೆಡ್‌ಗಾರ್ಡ್ ಹುಬ್ಬು ಸೀಳುವುದನ್ನು ತಡೆಯುತ್ತದೆಯೇ ಹೊರತು ಮಿದುಳು ಅಲುಗುವುದನ್ನು ತಡೆಯುತ್ತದೆಂದು ಹೇಳಲಾಗದು ಎಂಬ ವಾದ ಆಗ ಗೆದ್ದಿತು. ಮಹಿಳೆಯರಿಗೆ ಮಾತ್ರ ಅದನ್ನು ಉಳಿಸಿಕೊಂಡರು. ಒಂದೇ ರಿಂಗಿನಲ್ಲಿ ಎರಡು ನ್ಯಾಯ ಏಕೆಂದು ಕೇಳಿದವರಿಗೆ ಸಮಾಧಾನದ ಉತ್ತರ ಸಿಕ್ಕಿದಂತಿಲ್ಲ. ನಮ್ಮಲ್ಲಿಯೂ 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಏಟು ತಿಂದು ಬಿದ್ದ ಮೈಸೂರಿನ ಯುವಕ ಬದುಕಿ ಬರಲಿಲ್ಲ. ಅಲ್ಲಿಯೂ ಗ್ಲೌಸ್ ಇತ್ತು.

ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಿದರೆ ನನ್ನ ವಾದ ಬೀಳುವುದಿಲ್ಲ, ಬಿಗಿಯಾಗುತ್ತದೆ. ಮೆತ್ತೆ ಮಾಡುವ ಕೆಲಸ ಸರಳ: ಏಟು ತಗುಲುವ ಅವಧಿಯನ್ನು ಕೊಂಚ ಹಿಗ್ಗಿಸುತ್ತದೆ, ತಗುಲುವ ಜಾಗವನ್ನು ಅಗಲ ಮಾಡುತ್ತದೆ. ಇದರಿಂದ ಆ ಕ್ಷಣದ ಒತ್ತಡದ ತುದಿ ತಗ್ಗುತ್ತದೆ. ತುಟಿ ಒಡೆಯುವುದು, ಮೂಗು ಮುರಿಯುವುದು ಕಡಿಮೆಯಾಗುತ್ತದೆ. ಆದರೆ ದವಡೆಗೆ ಓರೆಯಾಗಿ ಬಿದ್ದ ಗುದ್ದು ತಲೆಯನ್ನು ಗಕ್ಕನೆ ತಿರುಗಿಸುತ್ತದೆ, ಒಳಗಿನ ಮಿದುಳು ಆ ತಿರುವಿಗೆ ಹಿಂದೆಮುಂದಾಗಿ ಹೊಯ್ದಾಡುತ್ತದೆ. ಮೆತ್ತೆ ದಪ್ಪವಾದ ಮಾತ್ರಕ್ಕೆ ಅದು ನಿಲ್ಲದು. ಹೀಗಿರುವಾಗ ದಪ್ಪ ಗ್ಲೌಸ್ ತೊಟ್ಟೆನಲ್ಲ, ಇನ್ನು ಮನಸ್ಸಿಗೆ ಬಂದಷ್ಟು ಜೋರಾಗಿ ಹೊಡೆಯಬಹುದು ಎಂದುಕೊಳ್ಳುವವನು ತೆಳು ಗ್ಲೌಸಿನವನಿಗಿಂತ ಅಪಾಯಕಾರಿ. ಭಾರದ ಗ್ಲೌಸಿನಿಂದ ಸಿಗುವ ನಿಜವಾದ ಲಾಭ ಬೇರೆ. ಕೈ ನಿಧಾನವಾಗುತ್ತದೆ, ಎದುರಿನವನಿಗೆ ನೋಡಿ ತಡೆಯಲು ಒಂದಿಷ್ಟು ಸಮಯ ಸಿಗುತ್ತದೆ, ಗೆಣ್ಣು ಚರ್ಮವನ್ನು ನೇರವಾಗಿ ಮುಟ್ಟುವುದಿಲ್ಲ. ಇದಕ್ಕೆ ಮೊದಲೇ ಮಾತಾಡಿಕೊಂಡ ಹದದ ಬಲ ಸೇರಿದಾಗಲೇ ಗ್ಲೌಸ್ ಕೆಲಸಕ್ಕೆ ಬರುತ್ತದೆ. ಡಚ್ ಜಿಮ್‌ಗಳು ಬಿರುಸಿನ ಸ್ಪಾರಿಂಗ್‌ಗೆ, ಅಂದರೆ ಜೊತೆಗಾರನೊಂದಿಗಿನ ಅಭ್ಯಾಸದ ಕಾದಾಟಕ್ಕೆ, ಹೆಸರಾದವು, ಆ ಬಿರುಸು ಚಾಂಪಿಯನ್ನರನ್ನು ರೂಪಿಸಿರಲೂಬಹುದು. ಸಂಬಳದ ಕೆಲಸ ಮುಗಿಸಿ ಸಂಜೆ ಒಂದು ಗಂಟೆ ಮೈ ದಣಿಸಲು ಬರುವವರಿಗೆ ಅದನ್ನೇ ಮಾದರಿ ಮಾಡುವುದು ಮಾತ್ರ ಅವಿವೇಕ.

ಇನ್ನು ತೂಕದ ಲೆಕ್ಕ. ಗ್ಲೌಸಿನ ಮೇಲೆ ಬರೆದಿರುವ ಔನ್ಸ್ ಒಂದು ಗ್ಲೌಸಿನ ತೂಕ. 10 ಔನ್ಸ್ ಎಂದರೆ ಸುಮಾರು 283 ಗ್ರಾಂ, 16 ಎಂದರೆ 454 ಗ್ರಾಂ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸಾಮಾನ್ಯವಾಗಿ 66.7 ಕಿಲೋವರೆಗಿನವರು 8 ಔನ್ಸ್, ಅದಕ್ಕೂ ಮೇಲಿನವರು 10 ಔನ್ಸ್ ತೊಟ್ಟು ಆಡುತ್ತಾರೆ. ಅಭ್ಯಾಸಕ್ಕೆ ಬ್ಯಾಗಿನ ಮೇಲಾದರೆ 10, 12 ಸಾಕು. ಸ್ಪಾರಿಂಗ್‌ಗೆ ದೊಡ್ಡವರಿಗೆ 14 ಅಥವಾ 16 ಎಂಬುದು ಬಹುತೇಕ ಜಿಮ್‌ಗಳ ರೂಢಿ. ಎಲ್ಲರಿಗೂ ಕಣ್ಣುಮುಚ್ಚಿ 16 ಎನ್ನುವುದನ್ನು ನಾನು ಒಪ್ಪಲಾರೆ. ಐವತ್ತು ಕಿಲೋದ ಹುಡುಗಿಗೆ 16 ಔನ್ಸ್ ತೊಡಿಸಿದರೆ ಎರಡನೇ ಸುತ್ತಿಗೆ ಅವಳ ಭುಜ ಸೋತು ಕೈ ಕೆಳಗಿಳಿಯುತ್ತದೆ, ಮುಖ ತೆರೆದುಕೊಳ್ಳುತ್ತದೆ. ಅವಳಿಗೆ 12 ಅಥವಾ 14 ಸರಿ. ಅವಳೆದುರು ಎಂಬತ್ತೈದು ಕಿಲೋದವನು ನಿಂತರೆ 16ಕ್ಕಿಂತ ಕಡಿಮೆ ತೊಡುವ ಹಕ್ಕು ಅವನಿಗಿಲ್ಲ. ಔನ್ಸನ್ನು ನಂಬಿ ಮೋಸಹೋಗುವುದೂ ಉಂಟು. ತೂಕ ಒಟ್ಟು ಎಷ್ಟೆಂದು ಗೊತ್ತಾಗುತ್ತದೆ, ಎಲ್ಲಿದೆಯೆಂದು ಗೊತ್ತಾಗುವುದಿಲ್ಲ. ಮಣಿಕಟ್ಟಿನ ಪಟ್ಟಿಯಲ್ಲೇ ಭಾರ ತುಂಬಿ ಗೆಣ್ಣಿನ ಮೇಲೆ ತೆಳುವಾಗಿ ಬಿಟ್ಟ 16 ಔನ್ಸಿನ ಗ್ಲೌಸೂ ಮಾರುಕಟ್ಟೆಯಲ್ಲಿದೆ. ಹೊರಗಿನಿಂದ ಹೆಬ್ಬೆರಳಿನಿಂದ ಒತ್ತಿ ನೋಡಿ. ಒಳಗಿನ ಗೆಣ್ಣು ಸುಲಭವಾಗಿ ಕೈಗೆ ಸಿಕ್ಕರೆ ಎದುರಿನವನ ಹಲ್ಲಿಗೂ ಸಿಗುತ್ತದೆ.

ಗ್ಲೌಸಿನ ಕುಲವನ್ನೂ ನೋಡಬೇಕು. ಮೆಕ್ಸಿಕೋದ ಕ್ಲೆಟೊ ರೆಯೆಸ್ ಮಾದರಿಯದು ಕುದುರೆ ಕೂದಲು ತುಂಬಿದ ಅಡಕ ಗ್ಲೌಸ್, ಗುದ್ದುವವನಿಗೆ ಬಲು ಪ್ರಿಯ, ತಿನ್ನುವವನಿಗಲ್ಲ. ಜಪಾನಿನ ವಿನ್ನಿಂಗ್ ತದ್ವಿರುದ್ಧ. ಮೃದುತನಕ್ಕೇ ಹೆಸರು, ಬೆಲೆಯೂ ಹಾಗೆಯೇ ಮೇಲೆ. ಥಾಯ್ ಗ್ಲೌಸಿನಲ್ಲಿ ಬೆರಳು ಬಿಚ್ಚಲು ಸಲೀಸು, ಏಕೆಂದರೆ ಮುಯೆ ಥಾಯ್‌ನಲ್ಲಿ ಎದುರಾಳಿಯ ಕತ್ತು ಹಿಡಿದು ಸೆಣಸುವುದುಂಟು. ಆ ಹಿಡಿತಕ್ಕೆ ಕೆ-1 ನಿಯಮದಲ್ಲಿ ಅವಕಾಶ ತೀರ ಕಡಿಮೆಯಾದ್ದರಿಂದ ಡಚ್ ಶೈಲಿಯ ಅಭ್ಯಾಸಕ್ಕೆ ಮುಷ್ಟಿ ಚೆನ್ನಾಗಿ ಮುಚ್ಚಿಕೊಳ್ಳುವ, ಮಣಿಕಟ್ಟನ್ನು ಭದ್ರವಾಗಿ ಹಿಡಿಯುವ ಗ್ಲೌಸೇ ತಕ್ಕದ್ದು. ಹೆಬ್ಬೆರಳು ಗ್ಲೌಸಿಗೆ ಹೊಲಿದು ಸೇರಿರಬೇಕು. ಬಿಡಿಯಾಗಿ ನಿಂತ ಹೆಬ್ಬೆರಳು ಕಣ್ಣಿಗೆ ಹೋಗುತ್ತದೆ. ಲೇಸ್ ಕಟ್ಟುವ ಗ್ಲೌಸ್ ಕೈಗೆ ಅಂಟಿದಂತೆ ಕೂರುತ್ತದೆ ನಿಜ, ಆದರೆ ಕಟ್ಟಲು ಇನ್ನೊಬ್ಬರು ಬೇಕು. ಹಾಗಾಗಿ ತರಗತಿಯಲ್ಲಿ ವೆಲ್ಕ್ರೋನೇ ಗತಿ. ಪಟ್ಟಿಯ ತುದಿ ಎದ್ದು ನಿಂತು ಜೊತೆಗಾರನ ಕೆನ್ನೆ ಕೆರೆಯದಂತೆ ನೋಡಿಕೊಂಡರಾಯಿತು. ಗ್ಲೌಸ್ ತೊಟ್ಟು ನೋಡುವಾಗ ಕೈಗೆ ಬಟ್ಟೆಪಟ್ಟಿ, ಅಂದರೆ ಹ್ಯಾಂಡ್ ರ‍್ಯಾಪ್, ಸುತ್ತಿಕೊಂಡೇ ನೋಡಬೇಕು. ಬರಿಗೈಗೆ ಸರಿಹೊಂದಿದ್ದು ಪಟ್ಟಿ ಸುತ್ತಿದ ಕೈಗೆ ಹೊಂದದು. ನಾಲ್ಕೂವರೆ ಮೀಟರಿನ ಪಟ್ಟಿ ಮಣಿಕಟ್ಟಿಗೂ ಗೆಣ್ಣಿಗೂ ಸಾಕಾಗುತ್ತದೆ.

ಪಂದ್ಯಕ್ಕೆ ತಯಾರಾಗುವವರದು ಬೇರೆಯೇ ತಕರಾರು. ಪಂದ್ಯದಲ್ಲಿ 10 ಔನ್ಸ್ ತೊಡಬೇಕಾದವನು ವರ್ಷವಿಡೀ 16ರಲ್ಲಿ ಅಭ್ಯಾಸ ಮಾಡಿದರೆ ದೊಡ್ಡ ಗ್ಲೌಸಿನ ಹಿಂದೆ ಅವಿತುಕೊಳ್ಳುವ ಚಾಳಿ ಬೆಳೆಯುತ್ತದೆ, ಸಣ್ಣ ಗ್ಲೌಸ್ ಬಂದ ದಿನ ಸಂದಿನಲ್ಲಿ ಏಟು ನುಗ್ಗುತ್ತದೆ ಎನ್ನುತ್ತಾರೆ. ಎರಡೂ ಕೈಯಿಂದ ಮುಖ ಮುಚ್ಚಿ ನಿಲ್ಲುವ ಡಚ್ ಶೈಲಿಗೆ ಈ ಮಾತು ನೇರವಾಗಿ ತಾಗುತ್ತದೆ. ಆದರೆ ಸಣ್ಣ ಗ್ಲೌಸಿನಲ್ಲಿ ಕಲಿಯಬೇಕಾದ್ದು ಅಂತರ ಮತ್ತು ಕಣ್ಣಳತೆ. ಅದನ್ನು ಕಲಿಯಲು ತಲೆಗೆ ಜೋರು ಏಟು ಬೇಕಿಲ್ಲ. ಮುಟ್ಟಿ ಬಿಡುವಷ್ಟು ಹಗುರವಾದ ಸ್ಪಾರಿಂಗ್, ಇಲ್ಲವೇ ಮೈಗಷ್ಟೇ ಹೊಡೆಯುವ ಸುತ್ತುಗಳು ಆ ಕೆಲಸ ಮಾಡುತ್ತವೆ. ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್‌ವೇನ್, ಐಂಡ್‌ಹೋವನ್ ಕಡೆ ನೆಲೆಸಿದ ಕನ್ನಡದ ಮನೆಗಳ ಮಕ್ಕಳಿಗಾದರೂ, ಬೆಂಗಳೂರಿನ ಬಡಾವಣೆಯ ಮಕ್ಕಳಿಗಾದರೂ ಇದೇ ಮಾತನ್ನು ಇನ್ನಷ್ಟು ಕಟುವಾಗಿ ಹೇಳುತ್ತೇನೆ: ಅವರ ಗ್ಲೌಸ್ 6 ಔನ್ಸೋ 8 ಔನ್ಸೋ ಎಂದು ತಲೆಕೆಡಿಸಿಕೊಳ್ಳುವ ಮೊದಲು ತರಗತಿಯಲ್ಲಿ ತಲೆಗೆ ಹೊಡೆಸುತ್ತಾರೆಯೇ ಎಂದು ವಿಚಾರಿಸಬೇಕು. ಹೌದು ಎಂದರೆ ಬೇರೆ ತರಗತಿ ಹುಡುಕುವುದು ಲೇಸು.

ಕೊನೆಗೆ ದುಡ್ಡಿನ ಮಾತು. ಬ್ಯಾಗಿಗೊಂದು, ಸ್ಪಾರಿಂಗ್‌ಗೊಂದು ಜೋಡಿ ಎಂದರೆ ದುಬಾರಿಯಲ್ಲವೇ? ಒಂದೇ ಜೋಡಿಗೆ ದುಡ್ಡಿದ್ದರೆ ಸ್ಪಾರಿಂಗ್‌ನದನ್ನೇ ಕೊಂಡು, ಬ್ಯಾಗಿಗೆ ಜಿಮ್‌ನ ಹಳೆಯ ಗ್ಲೌಸ್ ಬಳಸುವುದು ವಾಸಿ. ಹೆಚ್ಚಿನವರು ಮಾಡುವುದು ಇದರ ತಿರುವುಮುರುವು. ಸಿಯಾಲ್‌ಕೋಟ್, ಜಲಂಧರ್, ಮೀರತ್‌ಗಳಲ್ಲಿ ತಯಾರಾಗುವ ಸಾಧಾರಣ ಬೆಲೆಯ ಗ್ಲೌಸೂ ಗೆಣ್ಣಿನ ಮೇಲೆ ಮೆತ್ತೆ ಸಮವಾಗಿದ್ದರೆ ಕಲಿಯುವವರಿಗೆ ಧಾರಾಳ ಸಾಕು. ಅಪ್ಪಟ ಚರ್ಮ ಹೆಚ್ಚು ಬಾಳುತ್ತದೆ, ರೆಕ್ಸಿನ್ ಜಾತಿಯದು ಬೇಗ ಬಿರಿಯುತ್ತದೆ, ಎದುರಿನವನ ಮಟ್ಟಿಗೆ ಎರಡೂ ಒಂದೇ. ಕೆಡಿಸುವುದು ಬೆಲೆಗಿಂತ ಹೆಚ್ಚಾಗಿ ಬೆವರು. ಡಚ್ಚರು ಮಳೆಯಲ್ಲೂ ಸೈಕಲ್ಲಿನಲ್ಲೇ ಜಿಮ್‌ಗೆ ಹೋಗಿಬರುವವರು. ಒದ್ದೆ ಬ್ಯಾಗಿನಲ್ಲಿ ಮುಚ್ಚಿಟ್ಟ ಗ್ಲೌಸ್ ಮರುದಿನ ತೆರೆದಾಗ ನಾರುತ್ತದೆ, ಒಳಗಿನ ಫೋಮೂ ಬೇಗ ಸಾಯುತ್ತದೆ. ಮನೆಗೆ ಬಂದ ಕೂಡಲೇ ಹೊರತೆಗೆದು, ಬಾಯಿ ಬಿಡಿಸಿ, ನೆರಳಲ್ಲಿ ಗಾಳಿಗೆ ಇಡಬೇಕು. ಬಿಸಿಲಿಗೆ ಹಾಕಿದರೆ ಚರ್ಮ ಸೆಟೆಯುತ್ತದೆ. ಎಷ್ಟೇ ಜೋಪಾನ ಮಾಡಿದರೂ ಹತ್ತಿಯ ಹಾಸಿಗೆ ಗಂಟುಗಟ್ಟುವ ಹಾಗೆ ದಿನದಿನದ ಬ್ಯಾಗಿನ ಏಟಿಗೆ ಫೋಮ್ ಗೆಣ್ಣಿನ ಜಾಗದಲ್ಲೇ ಕುಸಿಯುತ್ತದೆ. ಹೊರಗಿನ ಚರ್ಮ ಹೊಳೆಯುತ್ತಲೇ ಇರುತ್ತದೆ, 16 ಔನ್ಸ್ ಎಂಬ ಅಕ್ಷರವೂ ಅಳಿಸಿರುವುದಿಲ್ಲ, ತಕ್ಕಡಿಗಿಟ್ಟರೆ ತೂಕವೂ ಅಷ್ಟೇ ಬರುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿ, ಕುಸಿದದ್ದು ಗೊತ್ತಾದ ದಿನವೇ ಆ ಜೋಡಿಯನ್ನು ಸ್ಪಾರಿಂಗ್‌ನಿಂದ ಬ್ಯಾಗಿಗೆ ಇಳಿಸಬೇಕು. ಬ್ಯಾಗಿನಿಂದ ಮತ್ತೆ ಸ್ಪಾರಿಂಗ್‌ಗೆ ಹತ್ತಿಸುವಂತಿಲ್ಲ.